ಸೇಲಂ, ಧರ್ಮಪುರಿ: ಇಲ್ಲವಾದ ಹೆಣ್ಣುಮಕ್ಕಳ ಲೆಕ್ಕ

1991ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳ ಲೆಕ್ಕ ಹೀಗಿತ್ತು: ಸಾವಿರ ಗಂಡುಮಕ್ಕಳಿಗೆ 849 ಹೆಣ್ಣುಮಕ್ಕಳು. ಅದೇ ವರ್ಷ ತಮಿಳುನಾಡಿನ ಸರಾಸರಿ 948, ಇಡೀ ದೇಶದ್ದು 945. ಪ್ರಕೃತಿಯ ಪಾಲಿಗೆ ಬಿಟ್ಟರೆ ಸಾವಿರ ಗಂಡುಕೂಸುಗಳಿಗೆ ಸುಮಾರು 950 ಹೆಣ್ಣುಕೂಸುಗಳು ಹುಟ್ಟುತ್ತವೆ. ಹುಟ್ಟಿದ ಮೊದಲ ವಾರಗಳಲ್ಲಿ ಗಂಡುಕೂಸೇ ಹೆಚ್ಚು ನಾಜೂಕು, ಸಾವೂ ಅದರಲ್ಲೇ ಹೆಚ್ಚು. ಹಾಗಾಗಿ ಮಕ್ಕಳು ಬೆಳೆಯುತ್ತ ಹೋದಂತೆ ಹೆಣ್ಣಿನ ಸಂಖ್ಯೆ ಗಂಡಿಗೆ ಹತ್ತಿರವಾಗಬೇಕು. ಸೇಲಂನಲ್ಲಿ ಸಾವಿರಕ್ಕೆ ನೂರರಷ್ಟು ಹೆಣ್ಣುಮಕ್ಕಳು ಲೆಕ್ಕಕ್ಕೆ ಸಿಗಲಿಲ್ಲ.

ಈ ಅಂಕಿ ಬೆಳಕಿಗೆ ಬಂದ ದಾರಿಯೂ ಗಮನಿಸುವಂಥದ್ದು. ಆ ಗಣತಿಯಿಂದ ಸಾಕ್ಷರತೆಯನ್ನು ಏಳು ವರ್ಷ ಮೇಲ್ಪಟ್ಟವರಿಗೆ ಮಾತ್ರ ಲೆಕ್ಕಹಾಕತೊಡಗಿದ್ದರಿಂದ ಅದಕ್ಕಿಂತ ಚಿಕ್ಕವರ ಸಂಖ್ಯೆಯನ್ನು ಬೇರೆಯಾಗಿ ಅಚ್ಚುಹಾಕಬೇಕಾಯಿತು. ಅಕ್ಷರ ಬಲ್ಲವರನ್ನು ಎಣಿಸಲು ಮಾಡಿಕೊಂಡ ಆ ಏರ್ಪಾಡು ಬದುಕಿ ಉಳಿಯದ ಮಕ್ಕಳ ಸುಳಿವು ಕೊಟ್ಟಿತು.

ಹೆಣ್ಣು ಶಿಶುಹತ್ಯೆಯನ್ನು ಅನುಪಾತದಿಂದ ಹಿಡಿಯುವ ವಿಧಾನ ಹೊಸದಲ್ಲ. ಬನಾರಸಿನ ರೆಸಿಡೆಂಟ್ ಆಗಿದ್ದ ಜೊನಾಥನ್ ಡಂಕನ್ 1789ರಲ್ಲಿ ಆ ಸೀಮೆಯ ಕೆಲವು ರಜಪೂತ ಮನೆತನಗಳಲ್ಲಿ ಈ ಪದ್ಧತಿ ಇರುವುದನ್ನು ದಾಖಲಿಸಿದ. ಎಂಬತ್ತೊಂದು ವರ್ಷಗಳ ಬಳಿಕ, 1870ರಲ್ಲಿ, ಹೆಣ್ಣು ಶಿಶುಹತ್ಯೆ ತಡೆ ಕಾಯ್ದೆ ಬಂತು. ಕೊಲೆಯನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳುವವರು ಸಿಗುತ್ತಿರಲಿಲ್ಲ. ಆದ್ದರಿಂದ ಅಧಿಕಾರಿಗಳು ಊರಿನ ಮಕ್ಕಳಲ್ಲಿ ಹೆಣ್ಣೆಷ್ಟು, ಗಂಡೆಷ್ಟು ಎಂದು ಎಣಿಸಿದರು. ಹೆಣ್ಣು ತೀರ ಕಡಿಮೆಯಿದ್ದ ಊರುಗಳನ್ನು ಅನುಮಾನದ ಪಟ್ಟಿಗೆ ಸೇರಿಸಿ, ಹುಟ್ಟು ಸಾವುಗಳ ಮೇಲೆ ಪೊಲೀಸ್ ಕಾವಲು ಹಾಕಿದರು. ಕಾಯ್ದೆ ಮೊದಲು ಜಾರಿಯಾದದ್ದು ವಾಯವ್ಯ ಪ್ರಾಂತ್ಯ, ಔಧ್, ಪಂಜಾಬುಗಳಲ್ಲಿ. ನೊಳಂಬರ ಕನ್ನಡ ಶಾಸನಗಳಿರುವ ಧರ್ಮಪುರಿಯಾಗಲಿ, ಕನ್ನಡ ಮಾತಿನ ದೇವಾಂಗ ನೇಕಾರರು ಮಗ್ಗ ಹೂಡಿದ ಸೇಲಂ ಆಗಲಿ ಆ ನಕ್ಷೆಯಲ್ಲಿ ಇರಲಿಲ್ಲ.

ಸ್ವತಂತ್ರ ಭಾರತದ ಅಂಕಿಅಂಶ ವ್ಯವಸ್ಥೆಗೂ ಈ ಸಾವುಗಳು ಬಹುಕಾಲ ಕಾಣಲಿಲ್ಲ. 1969ರ ಕಾಯ್ದೆ ಪ್ರತಿ ಹುಟ್ಟು, ಪ್ರತಿ ಸಾವನ್ನೂ ನೋಂದಾಯಿಸಬೇಕೆಂದಿತು. ಆದರೆ ಮನೆಯಲ್ಲೇ ಹುಟ್ಟಿ ಮೂರು ದಿನಕ್ಕೆ ಮಣ್ಣಾದ ಕೂಸಿನ ಹುಟ್ಟನ್ನೂ ಬರೆಸುತ್ತಿರಲಿಲ್ಲ, ಸಾವನ್ನೂ ಬರೆಸುತ್ತಿರಲಿಲ್ಲ. ಕಾಗದದ ಮಟ್ಟಿಗೆ ಅದು ಹುಟ್ಟಲೇ ಇಲ್ಲ. ಶಿಶುಮರಣ ದರ ಕೊಡುತ್ತಿದ್ದ ಮಾದರಿ ನೋಂದಣಿ ವ್ಯವಸ್ಥೆಯ ಅಂದಾಜು ರಾಜ್ಯಮಟ್ಟದ್ದು, ಅದು ಜಿಲ್ಲೆಗೆ ಇಳಿಯುತ್ತಿರಲಿಲ್ಲ. ಒಟ್ಟಾರೆ ಒಳ್ಳೆಯ ಹೆಸರಿದ್ದ ತಮಿಳುನಾಡಿನ ಸರಾಸರಿಯೊಳಗೆ ಸೇಲಂ ಅಡಗಿಹೋಯಿತು.

1986ರಲ್ಲಿ ಇಂಡಿಯಾ ಟುಡೇ ಪತ್ರಿಕೆ ಮದುರೆ ಜಿಲ್ಲೆಯ ಉಸಿಲಂಪಟ್ಟಿಯ ಹೆಣ್ಣು ಶಿಶುಹತ್ಯೆಯ ಬಗ್ಗೆ ಬರೆದ ಮೇಲೆ ವಿಷಯ ದೇಶದ ಕಿವಿಗೆ ಬಿತ್ತು. ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿತು: ಇದು ಒಂದು ಊರಿನ, ಒಂದು ಜಾತಿಯ ಚಾಳಿ ಎಂದು. ಬಳಿಕ ನೇರವಾಗಿ ಮನೆಗಳಲ್ಲೇ ಕೇಳಿ ನೋಡುವ ಪ್ರಯತ್ನಗಳೂ ನಡೆದವು. ಮದ್ರಾಸಿನ ಕಮ್ಯುನಿಟಿ ಸರ್ವಿಸಸ್ ಗಿಲ್ಡ್ ತಮಿಳುನಾಡಿನ 1,250 ಕುಟುಂಬಗಳನ್ನು ಮಾತಾಡಿಸಿದಾಗ 249 ಕುಟುಂಬಗಳು ಹೆಣ್ಣುಕೂಸನ್ನು ಇಲ್ಲವಾಗಿಸಿದ್ದನ್ನು ಒಪ್ಪಿಕೊಂಡವು. ಕೊಲೆಯ ಅಪರಾಧವನ್ನು ಅಪರಿಚಿತರ ಮುಂದೆ ಒಪ್ಪಿಕೊಂಡವರ ಸಂಖ್ಯೆ ಇದು. ಒಪ್ಪದೆ ಸುಮ್ಮನಾದವರು ಈ ಲೆಕ್ಕದಲ್ಲಿಲ್ಲ. ಹಾಗಾಗಿ ಇಂಥ ಸಮೀಕ್ಷೆ ಪದ್ಧತಿ ಇದೆ ಎಂಬುದಕ್ಕೆ ಗಟ್ಟಿ ಸಾಕ್ಷಿಯಾದೀತು, ಎಷ್ಟಿದೆ ಎಂಬುದಕ್ಕೆ ಆಗಲಾರದು.

ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೆ ಒದಗಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಫ್ತರು. ಸುಮಾರು ಐದು ಸಾವಿರ ಜನಕ್ಕೊಬ್ಬ ಗ್ರಾಮ ಆರೋಗ್ಯ ನರ್ಸ್ ಇರುತ್ತಾಳೆ. ಬಸುರಿಯ ಹೆಸರನ್ನು ಆಕೆ ಮೊದಲೇ ಬರೆದುಕೊಳ್ಳುತ್ತಾಳೆ, ಚುಚ್ಚುಮದ್ದು ಹಾಕುತ್ತಾಳೆ, ಹೆರಿಗೆಯಾದ ಮೇಲೆ ಬಾಣಂತಿಯನ್ನು ನೋಡಲು ಮನೆಗೆ ಹೋಗುತ್ತಾಳೆ. ಬಸುರಿನಿಂದಲೇ ಶುರುವಾದ ದಾಖಲೆಯಿಂದ ಕೂಸು ಸದ್ದಿಲ್ಲದೆ ಜಾರಿಹೋಗಲಾರದು. ಬದುಕಿದೆ ಎಂದೋ, ಸತ್ತಿದೆ ಎಂದೋ, ಸತ್ತರೆ ಯಾವುದರಿಂದ ಎಂದೋ ಬರೆಯಲೇಬೇಕು. ಹುಟ್ಟುವಾಗ ಗಟ್ಟಿಮುಟ್ಟಾಗಿದ್ದು ವಾರದೊಳಗೆ ಹೋದ ಹೆಣ್ಣುಕೂಸುಗಳ ಎದುರು ಈ ದಫ್ತರುಗಳಲ್ಲಿ ‘ಸಾಮಾಜಿಕ ಕಾರಣದಿಂದ ಸಾವು’ ಎಂಬ ಒಕ್ಕಣೆ ಕಾಣಿಸಿತು. ಅದೇ ಊರಿನಲ್ಲಿ ದಿನವೂ ಓಡಾಡಬೇಕಾದ, ನಾಳೆ ಅದೇ ಮನೆಯ ಬಾಗಿಲು ತಟ್ಟಬೇಕಾದ ಹೆಣ್ಣುಮಗಳೊಬ್ಬಳು ಕೊಲೆ ಎಂದು ಬರೆಯಲಾರಳು; ಕಾಯಿಲೆ ಎಂದು ಬರೆಯಲು ಮನಸ್ಸು ಒಪ್ಪದು. ಆ ಮೂರು ಪದಗಳನ್ನು ಬರೆಯಲು ಬೇಕಾದ ಧೈರ್ಯ ಸಣ್ಣದಲ್ಲ.

ಆಡಳಿತಾಧಿಕಾರಿ ಶೀಲಾ ರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವಿ. ಬಿ. ಆತ್ರೇಯ ಈ ದಫ್ತರುಗಳನ್ನೇ ಆಧಾರವಾಗಿಟ್ಟುಕೊಂಡು 1997ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಲೇಖನ ಪ್ರಕಟಿಸಿದರು. ಉಸಿಲಂಪಟ್ಟಿಯ ಕತೆ ಎಂದು ತಿಳಿದದ್ದು ಮದುರೆಯಿಂದ ದಿಂಡಿಗಲ್, ಸೇಲಂ, ಧರ್ಮಪುರಿಯವರೆಗೂ ಹಬ್ಬಿದ ಪಟ್ಟಿಯೆಂದು ಆಗ ಸ್ಪಷ್ಟವಾಯಿತು. ಚೊಚ್ಚಲು ಹೆಣ್ಣನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಿದ್ದರು. ಅಪಾಯವಿದ್ದದ್ದು ಎರಡನೆಯ, ಮೂರನೆಯ ಹೆಣ್ಣಿಗೆ. ವರದಕ್ಷಿಣೆ ಏರುತ್ತಿತ್ತು, ಮನೆಗೆ ಎರಡೇ ಮಕ್ಕಳು ಸಾಕೆಂಬ ರೂಢಿ ಬೇರೂರುತ್ತಿತ್ತು. ಎರಡರಲ್ಲಿ ಒಂದಾದರೂ ಗಂಡಾಗಬೇಕೆಂಬ ಹಟದ ಹೊರೆಯನ್ನು ಹೊತ್ತದ್ದು ಆಗಷ್ಟೇ ಕಣ್ಣು ಬಿಟ್ಟ ಕೂಸು.

ಸರ್ಕಾರ ಅಷ್ಟರಲ್ಲೇ ಎಚ್ಚೆತ್ತಿತ್ತು. 1992ರಲ್ಲಿ ಮುಖ್ಯಮಂತ್ರಿ ಜೆ. ಜಯಲಲಿತಾ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ಆರಂಭಿಸಿದರು. ಸಾಕಲಾರದ ಕೂಸನ್ನು ಕೊಲ್ಲದೆ ತೊಟ್ಟಿಲಲ್ಲಿ ಬಿಟ್ಟುಹೋಗಬಹುದು, ಹೆಸರು ಕೇಳುವುದಿಲ್ಲ, ಸರ್ಕಾರ ದತ್ತು ಕೊಡಿಸುತ್ತದೆ. 2001ರಲ್ಲಿ ಯೋಜನೆ ಧರ್ಮಪುರಿಗೂ ಬಂತು. ಬಿಟ್ಟುಹೋದ ಕೂಸುಗಳಲ್ಲಿ ಬಹುಪಾಲು ಹೆಣ್ಣೇ. ಹೆತ್ತವರು ಮಗಳನ್ನು ತೊರೆಯುವುದಕ್ಕೆ ಸರ್ಕಾರವೇ ಮುದ್ರೆ ಒತ್ತಿದಂತಾಯಿತು ಎಂಬ ಟೀಕೆ ಅಂದಿನಿಂದಲೂ ಇದೆ. ಟೀಕೆಯಲ್ಲಿ ಹುರುಳಿದೆ, ತೊಟ್ಟಿಲಿಗೆ ಬಂದ ಜೀವ ಉಳಿಯಿತೆಂಬುದೂ ಅಷ್ಟೇ ನಿಜ. ಧರ್ಮಪುರಿಯಲ್ಲಿ 1990ರ ದಶಕದ ಕೊನೆಯಲ್ಲಿ ಬೀದಿ ನಾಟಕ, ಹಾಡುಗಳ ಕಲಾಜಾಥಾ ಹಳ್ಳಿಹಳ್ಳಿಗೆ ಹೋಗಿ, ಮುಚ್ಚಿದ ಬಾಗಿಲ ಹಿಂದಿನ ಮಾತನ್ನು ಊರ ನಡುವೆ ಆಡಿತು.

2001ರ ಗಣತಿಯಲ್ಲಿ ಸೇಲಂ 850ರ ಆಸುಪಾಸಿನಲ್ಲೇ ನಿಂತಿತ್ತು, ಈಗಿನ ಗಡಿಯ ಧರ್ಮಪುರಿಯದು 826. ದಶಕದಿಂದ ದಶಕಕ್ಕೆ ಹೋಲಿಸುವವರು ಗಡಿಗಳನ್ನು ನೆನಪಿಡಬೇಕು: 1965ರಲ್ಲಿ ಸೇಲಂನಿಂದ ಧರ್ಮಪುರಿ, 1997ರಲ್ಲಿ ನಾಮಕ್ಕಲ್ ಬೇರೆಯಾದವು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೆಸರು ಅದೇ ಇದ್ದರೂ ಎಣಿಸಿದ ನೆಲ ಬೇರೆ. 2011ರಲ್ಲಿ ಎರಡೂ ಜಿಲ್ಲೆಗಳು 910 ದಾಟಿದವು. ದೇಶದ ಅಂಕಿ 927ರಿಂದ 919ಕ್ಕೆ ಕುಸಿದ ದಶಕದಲ್ಲಿ ಇದು ದೊಡ್ಡ ಏರಿಕೆ. ಆದರೂ ಈ ಅನುಪಾತಕ್ಕೊಂದು ಕುರುಡಿದೆ. ಹುಟ್ಟಿದ ಮೇಲೆ ಕೊಂದ ಕೂಸನ್ನೂ, ಸ್ಕ್ಯಾನಿಂಗ್‌ನಲ್ಲಿ ಹೆಣ್ಣೆಂದು ತಿಳಿದು ತೆಗೆಸಿದ ಭ್ರೂಣವನ್ನೂ ಅದು ಬೇರೆಮಾಡಿ ತೋರಿಸದು. ಅದಕ್ಕೆ ಹುಟ್ಟಿನ ಹೊತ್ತಿನ ಅನುಪಾತ ಮತ್ತು ಮೊದಲ ತಿಂಗಳ ಸಾವಿನ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಭ್ರೂಣಲಿಂಗ ಪತ್ತೆ ನಿಷೇಧಿಸಿದ 1994ರ ಕಾಯ್ದೆ ಸ್ಕ್ಯಾನಿಂಗ್ ಕೇಂದ್ರಗಳ ದಾಖಲೆಗಳನ್ನೂ ಈ ಲೆಕ್ಕದ ಭಾಗವಾಗಿಸಿತು.

ಎಣಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೆಣ್ಣುಮಕ್ಕಳ ಜನನಾಂಗ ಛೇದನದ ಉದಾಹರಣೆ ಹತ್ತಿರವಿದೆ. ಅದು ಅನುಪಾತದಲ್ಲಿ ಗುರುತು ಬಿಡುವುದಿಲ್ಲ, ಹೆಂಗಸರನ್ನೇ ಕೇಳಬೇಕು. 1989–90ರ ಸುಡಾನ್ ಸಮೀಕ್ಷೆಯಿಂದ ಆ ಪ್ರಶ್ನೆ ಹಲವು ದೇಶಗಳ ಸಮೀಕ್ಷೆಗಳಿಗೆ ಸೇರಿತು. ಛೇದನಕ್ಕೆ ಒಳಗಾದವರ ಯುನಿಸೆಫ್ ಅಂದಾಜು 2013ರಲ್ಲಿ 12.5 ಕೋಟಿ ಇದ್ದದ್ದು 2016ರಲ್ಲಿ 20 ಕೋಟಿಯಾಯಿತು. ಇಂಡೊನೇಷ್ಯಾ ಮೊದಲ ಬಾರಿಗೆ ಲೆಕ್ಕಕ್ಕೆ ಬಂದದ್ದು ಇದಕ್ಕೊಂದು ಮುಖ್ಯ ಕಾರಣ. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆ ಪ್ರಶ್ನೆಯಿಲ್ಲ. ಈ ಪದ್ಧತಿಯಿರುವ ದಾವೂದಿ ಬೊಹ್ರಾ ಸಮುದಾಯದ ಹೆಂಗಸರು ತಮ್ಮ ಅನುಭವವನ್ನು ಬಹಿರಂಗವಾಗಿ ಹೇಳಿಕೊಂಡಿದ್ದರೂ, 2017ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಇದರ ಇರುವಿಕೆಗೆ ಅಧಿಕೃತ ಅಂಕಿಅಂಶವಿಲ್ಲ ಎಂದಿತು. ಸೇಲಂ, ಧರ್ಮಪುರಿಗಳ ವಿಷಯದಲ್ಲಿ ಹಾಗೆ ಹೇಳಲಾಗದಂತೆ ಮಾಡಿದ್ದು ನರ್ಸ್‌ಗಳ ಆ ದಫ್ತರು.

ಈಗ ತಮಿಳುನಾಡಿನ ಬಹುತೇಕ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. ಹುಟ್ಟಿದ ಕೂಸು ದಾಖಲೆಯಿಂದ ತಪ್ಪಿಸಿಕೊಳ್ಳುವುದು ಅಪರೂಪ. ತಪ್ಪುವುದು ಹುಟ್ಟುವ ಮೊದಲೇ ಹೋದದ್ದು. 2021ರ ಜನಗಣತಿ ನಡೆಯಲಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. 2011ರಲ್ಲಿ ಕಂಡ ಏರಿಕೆ ನಿಂತಿತೋ ಜಾರಿತೋ ಎಂಬುದನ್ನು ಮನೆಮನೆಯ ಎಣಿಕೆಯಿಂದ ತಿಳಿಯಲು ಈ ಎರಡು ಜಿಲ್ಲೆಗಳು ಅಲ್ಲಿಯವರೆಗೆ ಕಾಯಬೇಕು.