ಸೂರತ್ ರೂಪಾಯಿಯೂ ಬೆರಕೆಯ ಮರ್ಯಾದೆಯೂ

ಕ್ರಿ.ಶ. 812ರಲ್ಲಿ ರಾಷ್ಟ್ರಕೂಟರ ಲಾಟ ಶಾಖೆಯ ಕರ್ಕ ಸುವರ್ಣವರ್ಷನು ಇಂದಿನ ವಡೋದರದ ಮೂಲವಾದ ವಟಪದ್ರಕ ಗ್ರಾಮವನ್ನು ದಾನವಿತ್ತನೆಂದು ಅವನ ತಾಮ್ರಶಾಸನದಿಂದ ತಿಳಿದುಬರುತ್ತದೆ. ಅದೇ ಶತಮಾನದಲ್ಲಿ, ಅದೇ ವಂಶದ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಬೇರೆ ಬೇರೆ ಮಟ್ಟದ ಚಿನ್ನಗಳನ್ನು ಕೂಡಿಸಿ ಕರಗಿಸಿದಾಗ ದೊರೆಯುವ ಮಟ್ಟವನ್ನು ಲೆಕ್ಕಹಾಕುವ ಕ್ರಮವನ್ನು ವಿವರಿಸಿದನು. ಗಣಿತಜ್ಞನ ದೃಷ್ಟಿಯಲ್ಲಿ ಬೆರಕೆಯು ದೋಷವಲ್ಲ. ಅಳೆಯಬಹುದಾದ ಒಂದು ಪ್ರಮಾಣ. ಗುಜರಾತಿನ ನಾಣ್ಯಚರಿತ್ರೆಯು ಈ ಭೇದವನ್ನು ಬಹಳ ಬೆಲೆ ತೆತ್ತು ಕಲಿಯಬೇಕಾಯಿತು.

ಅಕ್ಬರನು 1573ರಲ್ಲಿ ಗುಜರಾತನ್ನು ಗೆದ್ದ ತರುವಾಯ ಮೊದಲು ಅಹಮದಾಬಾದಿನಲ್ಲಿ, ಬಳಿಕ ಸೂರತ್ತಿನಲ್ಲಿ ಮೊಗಲರ ಬೆಳ್ಳಿಯ ರೂಪಾಯಿಗಳು ಹೇರಳವಾಗಿ ಅಚ್ಚಾದವು. ಅವುಗಳಲ್ಲಿ ಬೆರಕೆಯು ಸಾಮಾನ್ಯವಾಗಿ ನೂರಕ್ಕೆ ನಾಲ್ಕು ಭಾಗವನ್ನು ಮೀರುತ್ತಿರಲಿಲ್ಲ. ಅಂಥ ಮೆದುವಾದ ಬೆಳ್ಳಿಯು ಸುತ್ತಿಗೆಯ ಪೆಟ್ಟಿಗೆ ಸುಲಭವಾಗಿ ಅಚ್ಚು ಹಿಡಿಯುತ್ತಿದ್ದಿತು. ಕೈಯಿಂದ ಕೈಗೆ ಸಾಗುವಾಗ ಅಷ್ಟೇ ಸುಲಭವಾಗಿ ಸವೆಯುತ್ತಲೂ ಇದ್ದಿತು. ಸವೆದ ನಾಣ್ಯಕ್ಕೆ ಸರಾಫರು ವಟ್ಟ ಹಿಡಿಯುತ್ತಿದ್ದರು.

ಪೆಟ್ಟು ಬಿದ್ದಾಗ ಲೋಹದ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ತಾಮ್ರದ ಪರಮಾಣುವು ಬೆಳ್ಳಿಯದಕ್ಕಿಂತ ಸುಮಾರು ಒಂಬತ್ತನೆಯ ಒಂದು ಪಾಲು ಚಿಕ್ಕದು. ಅದು ನಡುವೆ ಸೇರಿಕೊಂಡಲ್ಲಿ ಪದರಗಳ ಹೊಂದಿಕೆ ಕೆಟ್ಟು, ಜಾರಿಕೆಗೆ ತಡೆಯೊದಗುತ್ತದೆ, ಲೋಹವು ಗಟ್ಟಿಯಾಗುತ್ತದೆ. ಮೆಗ್ನೀಸಿಯಂಗೆ ಅಲ್ಯೂಮಿನಿಯಂ, ಸತುಗಳನ್ನು ಬೆರೆಸಿ ಬಲಪಡಿಸುವುದರಲ್ಲಿಯೂ ಈ ತತ್ತ್ವದ ಪಾತ್ರವಿದೆ. ಆದರೆ ಘನ ಬೆಳ್ಳಿಯು, 780 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೂ, ನೂರಕ್ಕೆ ಸುಮಾರು ಒಂಬತ್ತು ಭಾಗಕ್ಕಿಂತ ಹೆಚ್ಚು ತಾಮ್ರವನ್ನು ಕರಗಿಸಿಕೊಳ್ಳಲಾರದು; ಮಿಕ್ಕುದು ಬೇರೆಯೇ ಕಣಗಳಾಗಿ ಒಡೆದು ನಿಲ್ಲುತ್ತದೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸೂರತ್ತಿನ ನವಾಬನ ಟಂಕಸಾಲೆಯು ಈ ಎಲ್ಲೆಯನ್ನು ದಾಟಿತು. ಅಲ್ಲಿನ ರೂಪಾಯಿಗಳಲ್ಲಿ ನೂರಕ್ಕೆ ಹತ್ತು, ಹನ್ನೆರಡು, ಹದಿನೈದರವರೆಗೂ ಬೆರಕೆ ಕಂಡುಬಂದಿತು. ಅದೇ ಬೆಲೆಗೆ ಸಲ್ಲಬೇಕಾಗಿದ್ದ ಮುಂಬಯಿಯ ಒಳ್ಳೆಯ ರೂಪಾಯಿಗಳು ಕರಗಿ ಸೂರತ್ ನಾಣ್ಯಗಳಾದವು. ಮುಂಬಯಿಯ ಬೆಳ್ಳಿಯ ಟಂಕಣೆಯೇ ಸುಮಾರು ಇಪ್ಪತ್ತು ವರ್ಷ ನಿಂತುಹೋಯಿತು. ಇಲ್ಲಿ ಕೆಟ್ಟುದು ಲೋಹವಲ್ಲ, ಮಾತು.

1800ರ ಬಳಿಕ ಕಂಪನಿಯು ಸೂರತ್ ರೂಪಾಯಿಯನ್ನು ಮುಂಬಯಿಯಲ್ಲಿ ಅಚ್ಚುಹಾಕಿಸಿ, 179 ಗ್ರೇನ್ ತೂಕಕ್ಕೆ 164.74 ಗ್ರೇನ್ ಶುದ್ಧ ಬೆಳ್ಳಿಯೆಂದು ಗೊತ್ತುಪಡಿಸಿತು. 1835ರ ಏಕರೂಪದ ರೂಪಾಯಿಯಲ್ಲಿ ತೂಕ 180 ಗ್ರೇನ್, ಬೆಳ್ಳಿ 165. ಹನ್ನೆರಡರಲ್ಲಿ ಒಂದು ಪಾಲಾದ ಈ ಬೆರಕೆಯು ಬೆಳ್ಳಿಯು ತಾಳಬಲ್ಲ ಎಲ್ಲೆಯ ಒಳಗೇ ಇದ್ದಿತೆಂಬುದು ಗಮನಾರ್ಹ. ಮೊಗಲರ ರೂಪಾಯಿಗಿಂತ ಇದು ಕಡಿಮೆ ಶುದ್ಧ. ಆದರೂ ಹೆಚ್ಚು ಬಾಳಿಕೆಯುಳ್ಳದ್ದು, ಎಲ್ಲರಿಗೂ ತಿಳಿದ ಪ್ರಮಾಣವುಳ್ಳದ್ದು. ನವಾಬನ ಬೆರಕೆಗೂ ಇದಕ್ಕೂ ಇದ್ದ ಅಂತರವು ಕೆಲವೇ ಭಾಗಗಳದು. ಬಲಕ್ಕಾಗಿ ಬೆರೆಸಿದ್ದು ಲೆಕ್ಕದಲ್ಲಿ ಕಾಣುತ್ತದೆ. ಲಾಭಕ್ಕಾಗಿ ಬೆರೆಸಿದ್ದು ಒರೆಗಲ್ಲಿನ ಮೇಲೆ ಮಾತ್ರ ಕಾಣುತ್ತದೆ.