ರಾಮತೀರ್ಥದ ಗುಡ್ಡದಿಂದ ಕಾಣುವ ಸೀಮೆ

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಈ ಎರಡು ಹೊಳೆಗಳ ನಡುವಿನ ಎರೆನೆಲದಲ್ಲಿ ಜಮಖಂಡಿ. ಊರ ಮಗ್ಗುಲಲ್ಲಿ ರಾಮತೀರ್ಥದ ಗುಡ್ಡ. ಗುಡ್ಡದ ಮೇಲೆ ರಾಮೇಶ್ವರನ ಗುಡಿ, ಗುಡಿಯ ನೆರೆಯಲ್ಲಿ ಪಟವರ್ಧನ ಅರಸರ ಅರಮನೆ. ಸಹ್ಯಾದ್ರಿಯ ಗಿರಿದುರ್ಗಗಳ ಎತ್ತರ ಇದಕ್ಕಿಲ್ಲ. ಮುತ್ತಿಗೆ ಹಾಕಿ ಗೆದ್ದವರ ಕಥೆಯೂ ಇದಕ್ಕಿಲ್ಲ. ಆದರೆ ಒಂದು ಸಂಸ್ಥಾನದ ಏಳಿಗೆಯನ್ನೂ ಅದು ಸದ್ದಿಲ್ಲದೆ ಮುಗಿದುದನ್ನೂ ಈ ಗುಡ್ಡ ಕಂಡಿದೆ. ಅರಮನೆಯ ಕಥೆಯನ್ನಷ್ಟೇ ಹೇಳಿ ಮುಗಿಸಿದರೆ ಗುಡ್ಡಕ್ಕೆ ನ್ಯಾಯ ಸಲ್ಲುವುದಿಲ್ಲ. ಅದರ ಸುತ್ತ ನೇಯ್ದವರ, ಉತ್ತವರ, ಆಯುಧ ಕೆಳಗಿಡಲು ಒಪ್ಪದೆ ಮಡಿದವರ ಕಥೆಯನ್ನೂ ಸೇರಿಸಿಯೇ ಹೇಳಬೇಕು.

ನೂರು ವರ್ಷದ ಹಿಂದೆ ಈ ಸೀಮೆಯ ನಕಾಶೆ ಇಂದಿನಂತಿರಲಿಲ್ಲ. ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. ಆಗ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಇಂಗ್ಲಿಷರ ಕೈಯಲ್ಲಿತ್ತು. ಮೊದಲು ಕಲಾದಗಿ ಜಿಲ್ಲೆಗೆ, 1885ರ ತರುವಾಯ ವಿಜಾಪುರ ಜಿಲ್ಲೆಗೆ ಸೇರಿದ ಊರು ಅದು. ಇನ್ನು ಒಂದನ್ನೊಂದು ತಬ್ಬಿಕೊಂಡಂತಿರುವ ರಬಕವಿ ಮತ್ತು ಬನಹಟ್ಟಿ! ಬನಹಟ್ಟಿ ಜಮಖಂಡಿಯ ಅರಸರಿಗೆ ಕಂದಾಯ ಕೊಡುತ್ತಿತ್ತು, ರಬಕವಿ ಸಾಂಗಲಿಯ ಅರಸರಿಗೆ. ನೂಲಿನ ಗಂಟು ಹೊತ್ತು ಒಂದೂರಿಂದ ಇನ್ನೊಂದೂರಿಗೆ ನಡೆದ ನೇಕಾರ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಕಾಲಿಡುತ್ತಿದ್ದ. ಅತ್ತ ಧಾರವಾಡದ ಕಡೆಯ ಕುಂದಗೋಳವೂ ಜಮಖಂಡಿಗೇ ಸೇರಿತ್ತು. ಹಿಂದುಸ್ಥಾನಿ ಸಂಗೀತದ ಸವಾಯಿ ಗಂಧರ್ವರ ಊರಾದ ಆ ಕುಂದಗೋಳ ಅಷ್ಟು ದೂರದ ಜಮಖಂಡಿ ಅರಸರ ಆಳ್ವಿಕೆಯಲ್ಲಿತ್ತೆಂಬುದು ಇಂದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಟವರ್ಧನರು ಮೂಲದಲ್ಲಿ ಕೊಂಕಣದ ವೈದಿಕ ಮನೆತನ. ಹಿರಿಯ ಹರಿಭಟ್ಟರು ಇಚಲಕರಂಜಿಯ ಮನೆತನಕ್ಕೆ ಪುರೋಹಿತರಾಗಿದ್ದರು. ಅವರ ಮಕ್ಕಳು ಪಂಚಾಂಗ ಬದಿಗಿಟ್ಟು ಪೇಶವೆಗಳ ಪರವಾಗಿ ಕತ್ತಿ ಹಿಡಿದರು, ಸರದಾರರಾದರು, ಕೃಷ್ಣಾತೀರದ ಜಹಗೀರುಗಳನ್ನು ಪಡೆದರು. ಮೊಮ್ಮಗ ಪರಶುರಾಮಭಾವು ಈ ಮನೆತನದ ದೊಡ್ಡ ಹೆಸರು. ಟಿಪ್ಪುವಿನ ವಿರುದ್ಧ ಮೂರನೆಯ ಮೈಸೂರು ಯುದ್ಧ ನಡೆದಾಗ 1790ರಿಂದ 1791ರವರೆಗೆ ತಿಂಗಳುಗಟ್ಟಲೆ ಧಾರವಾಡದ ಕೋಟೆಯನ್ನು ಸುತ್ತುಗಟ್ಟಿದ ಮರಾಠಾ ದಂಡಿನ ನಾಯಕ ಆತ. 1799ರಲ್ಲಿ ಪಟ್ಟಣಕುಡಿಯ ಬಳಿ ಕೊಲ್ಹಾಪುರದ ಸೈನ್ಯದೊಡನೆ ಹೋರಾಡುತ್ತ ಬಿದ್ದ. ಅವನ ಕಾಲದ ಬಳಿಕ ಜಹಗೀರು ದಾಯಾದಿಗಳಲ್ಲಿ ಹಂಚಿಹೋಯಿತು. 1811ರಲ್ಲಿ ಜಮಖಂಡಿ ತನ್ನದೇ ಗಾದಿಯ ಸಂಸ್ಥಾನವಾಯಿತು. ಗೋಪಾಲರಾವ್ ಪಟವರ್ಧನ ಅದರ ಮೊದಲ ಅರಸ. ಏಳು ವರ್ಷ ಕಳೆಯುವುದರೊಳಗೆ ಪೇಶವೆಯೇ ಇಲ್ಲವಾದ. ಕಾಣಿಕೆಯ ಥೈಲಿ ಪುಣೆಗೆ ಹೋಗುವುದು ನಿಂತು ಕಂಪನಿ ಸರಕಾರದ ಕಡೆ ತಿರುಗಿತು.

ಗೋಪಾಲರಾಯನ ಅನಂತರ 1840ರಲ್ಲಿ ಗಾದಿಗೆ ಬಂದವನು ರಾಮಚಂದ್ರರಾವ್ ಅಪ್ಪಾಸಾಹೇಬ. 1897ರವರೆಗೆ, ಎಂದರೆ ಐವತ್ತೇಳು ವರ್ಷ, ಆಳಿದ. ದತ್ತಕದ ವ್ಯಾಜ್ಯದಲ್ಲಿ ನೆರೆಯ ಸಂಸ್ಥಾನಗಳು ಮುಳುಗುವುದನ್ನು ಅವನು ಕಣ್ಣಾರೆ ಕಂಡ. ಪಟವರ್ಧನರದೇ ಇನ್ನೊಂದು ಕವಲಾದ ತಾಸಗಾಂವವನ್ನು 1848ರಲ್ಲಿ ಇಂಗ್ಲಿಷರು ನುಂಗಿದರು. ಅದಾಗಿ ಒಂಬತ್ತು ವರ್ಷಕ್ಕೆ ಬಂತು 1857.

ಆ ವರ್ಷದ ಕಥೆಗೆ ಗುಡ್ಡವಿಳಿದು ಮುಧೋಳ ಸೀಮೆಯ ಹಲಗಲಿಗೆ ಹೋಗಬೇಕು. ಕಂಪನಿ ಸರಕಾರ ಆಯುಧ ಕಾಯ್ದೆ ತಂದಿತು. ಕತ್ತಿ, ಕೋವಿ ಇದ್ದವರೆಲ್ಲ ತಂದೊಪ್ಪಿಸಬೇಕು, ಪರವಾನಗಿ ಇಲ್ಲದೆ ಯಾರೂ ಇಟ್ಟುಕೊಳ್ಳಬಾರದು ಎಂಬ ಅಪ್ಪಣೆ. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಕುಲದ ಮಾನ. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳುತನದಲ್ಲಿ ಅವರು ಕೊಡಲೊಲ್ಲೆವೆಂದರು. ಸುತ್ತಲಿನ ಹಳ್ಳಿಗಳಿಂದಲೂ ಜನ ಬಂದು ಸೇರಿದರು. 1857ರ ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂದು ಊರನ್ನು ಸುತ್ತಿತು. ಮನೆಗಳ ಒಳಗಿಂದ ಗುಂಡು ಹಾರಿದಾಗ ದಂಡಿನವರು ಊರಿಗೆ ಬೆಂಕಿಯಿಟ್ಟರು. ಉಳಿದವರನ್ನು ಹಿಡಿದೊಯ್ದರು. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಗೆ ನೆರೆದ ಜನರ ಕಣ್ಣೆದುರಿಗೆ, 13 ಮಂದಿಯನ್ನು ಗಲ್ಲಿಗೇರಿಸಿದರು. 14ರಂದು ಹಲಗಲಿಯಲ್ಲೇ ಇನ್ನು ಆರು ಮಂದಿಯನ್ನು. ಜೋಳ, ಮೆಣಸಿನಕಾಯಿ ಕೊಳ್ಳಲು ಬಂದ ಹೆಂಗಸರು ಮಕ್ಕಳು ಅಂದು ಏನನ್ನು ಕಂಡು ಮನೆಗೆ ಮರಳಿದರೆಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಊರನ್ನು ಸುಟ್ಟರೂ ಕಥೆಯನ್ನು ಸುಡಲಾಗಲಿಲ್ಲ. ಲಾವಣಿಕಾರರು ಅದನ್ನು ಹಾಡಿ ಊರೂರಿಗೆ ಒಯ್ದರು. ಮುಂದೆ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಆ ದಿನಗಳಲ್ಲಿ ಕಂಪನಿಯವರು ಜಮಖಂಡಿಯ ಅರಸನನ್ನೂ ಶಂಕೆಯಿಂದಲೇ ನೋಡಿದರು. ಗಾದಿ ಮಾತ್ರ ಉಳಿಯಿತು.

ಮುಧೋಳದ ಘೋರ್ಪಡೆಯವರ ಮನೆತನ ಪಟವರ್ಧನರಿಗಿಂತ ಬಹಳ ಹಳೆಯದು. ಬಹಮನಿ ಸುಲ್ತಾನರ ಕಾಲದಲ್ಲಿ ಇವರ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಖೇಳಣಾ ದುರ್ಗದ ಗೋಡೆಗೆ ಬಿಟ್ಟು, ಅದರ ಹಿಡಿತದ ಬಲದಿಂದ ಮೇಲೇರಿ ಕೋಟೆ ಗೆದ್ದರೆಂದು, ಆ ಸಾಹಸಕ್ಕಾಗಿ ಘೋರ್ಪಡೆ ಎಂಬ ಬಿರುದು ಪಡೆದರೆಂದು ಮನೆತನದ ಐತಿಹ್ಯ. 1648ರಲ್ಲಿ ವಿಜಾಪುರದ ಪರವಾಗಿ ಶಹಾಜಿಯನ್ನು ಸೆರೆಹಿಡಿದವನು ಈ ವಂಶದ ಬಾಜಿ ಘೋರ್ಪಡೆ. ಮುಂದೆ ಶಿವಾಜಿ ಮುಧೋಳದ ಮೇಲೆ ಏರಿಬಂದು ತಂದೆಯ ಸೇಡು ತೀರಿಸಿಕೊಂಡ. ಬಾಜಿ ಅವನ ಕೈಯಲ್ಲಿ ಹತನಾದ. ಇವೆಲ್ಲಕ್ಕೂ ಶತಮಾನಗಳಷ್ಟು ಮೊದಲೇ ಈ ಮಣ್ಣು ರನ್ನನನ್ನು ಹೆತ್ತಿತ್ತು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ದುರ್ಯೋಧನನ ಕೊನೆಯ ದಿನವನ್ನು ಗದಾಯುದ್ಧದಲ್ಲಿ ಹಾಡಿದ. ಮುಧೋಳದ ಅರಸರ ಪಟ್ಟಿ ಎಷ್ಟೇ ಉದ್ದವಿರಲಿ, ಈ ಬಳೆಗಾರರ ಮಗನಿಗಿಂತ ದೊಡ್ಡವರು ಅದರಲ್ಲಿ ಯಾರೂ ಇಲ್ಲ.

ಮುಧೋಳದ ಹೆಸರನ್ನು ಕಡಲಾಚೆಗೆ ಒಯ್ದದ್ದು ಅಲ್ಲಿನ ಬೇಟೆನಾಯಿ. ಉದ್ದ ಮುಸುಡಿ, ಆಳವಾದ ಎದೆಗೂಡು, ಒಳಕ್ಕೆ ಸೆಳೆದುಕೊಂಡ ಹೊಟ್ಟೆ, ನೀಳ ಕಾಲು. ನಿಂತಾಗ ಪಕ್ಕೆಲುಬು ಎಣಿಸಬಹುದು. ಓಡಿದಾಗ ಬೆನ್ನು ಬಾಗಿ ಬಿಚ್ಚುತ್ತ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಕುರಿಹಟ್ಟಿಯವರ ಕಾವಲಿಗೂ ಬೇಡರ ಬೇಟೆಗೂ ನೆರವಾಗಿ ಬೆಳೆದ ತಳಿ ಇದು. ಕಳೆದ ಶತಮಾನದ ಆರಂಭದಲ್ಲಿ ಅರಸ ಮಾಲೋಜಿರಾವ್ ಘೋರ್ಪಡೆ ಇದನ್ನು ಮುತುವರ್ಜಿಯಿಂದ ಸಾಕಿ ಬೆಳೆಸಿದ. ಐದನೆಯ ಜಾರ್ಜ್ ದೊರೆಗೆ ಇದರ ಜೋಡಿಯೊಂದನ್ನು ಕಾಣಿಕೆ ಕೊಟ್ಟನೆಂದೂ, ಅಲ್ಲಿಂದಲೇ ಊರ ಹೆಸರು ನಾಯಿಗೆ ಅಂಟಿತೆಂದೂ ಹೇಳುತ್ತಾರೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಚೀಟಿ ಹೊರತಂದಿತು. ತಿಮ್ಮಾಪುರದಲ್ಲಿ ತಳಿಸಂವರ್ಧನೆಯ ಕೇಂದ್ರವಿದೆ.

ಬೀಳಗಿಗೆ ಅರಸನಿರಲಿಲ್ಲ, ಮಾಮಲೇದಾರನಿದ್ದ. ಸಿದ್ಧೇಶ್ವರನ ಗುಡಿ, ಅರೆತ್ತಿನ ಬಾವಿ ಅಲ್ಲಿನ ಹಳೆಯ ಕುರುಹುಗಳು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮ ಈ ತಾಲೂಕಿನದೇ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಹೊಳೆದಂಡೆಯ ಊರುಗಳು ಎದ್ದು ಬೇರೆಡೆ ನೆಲೆಸಿದವು.

ರಬಕವಿ-ಬನಹಟ್ಟಿಯ ಮಗ್ಗಗಳ ಸಂಗತಿಯನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸಲಾಗದು. ಸಂಸ್ಥಾನಗಳು ಹುಟ್ಟುವ ಮೊದಲೂ ಅಳಿದ ಮೇಲೂ ಈ ಸೀಮೆಯ ಹೊಟ್ಟೆ ಹೊರೆದದ್ದು ಒಕ್ಕಲುತನ ಮತ್ತು ನೇಕಾರಿಕೆ. ಕುಣಿಮಗ್ಗದ ಮನೆಯೆಂದರೆ ನಡುಮನೆಯಲ್ಲೇ ನೆಲ ತೋಡಿದ ಕುಣಿ. ನೇಕಾರ ಅದರ ಅಂಚಿಗೆ ಕೂತು ಕಾಲು ಇಳಿಬಿಡುತ್ತಾನೆ. ಕೆಳಗೆ ಪಾದ ಒಂದು ಹಲಗೆ ತುಳಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಬಲಗೈ ಹಗ್ಗ ಜಗ್ಗಿದರೆ ಲಾಳಿ ಹಾರುತ್ತದೆ. ಎಡಗೈ ಹೊಕ್ಕನ್ನು ಬಡಿದು ಕೂರಿಸುತ್ತದೆ. ಮನೆಯ ಹೆಂಗಸರು ನೂಲು ಸುತ್ತಿ ಕಂಡಿಕೆ ತುಂಬಿಕೊಡದಿದ್ದರೆ ಮಗ್ಗ ನಿಂತಂತೆಯೇ. ಇಡೀ ಓಣಿ ಮುಂಜಾವಿನಿಂದ ಒಂದೇ ಲಯದಲ್ಲಿ ಬಡಿಯುತ್ತಿತ್ತು. ಅರಮನೆಯ ಹೆಣ್ಣುಮಕ್ಕಳು ಉಟ್ಟದ್ದೂ ಕೂಲಿಯ ಹೆಂಗಸು ಉಟ್ಟದ್ದೂ ಇಂಥ ಕುಣಿಯಿಂದ ಎದ್ದು ಬಂದ ಬಟ್ಟೆಯೇ. ವಿದ್ಯುತ್ ಮಗ್ಗ ಬಂದ ಮೇಲೆ ಆ ಲಯ ಬದಲಾಯಿತು, ದುಡಿತ ಬದಲಾಗಲಿಲ್ಲ.

1901ರ ಲೆಕ್ಕದಲ್ಲಿ ಜಮಖಂಡಿ ಸಂಸ್ಥಾನದ ವಿಸ್ತಾರ 524 ಚದರ ಮೈಲಿ, ಜನ 1,05,357. ರಾಜಧಾನಿಯಲ್ಲಿ ಸುಮಾರು 13 ಸಾವಿರ ಜನ. ಉಮಾರಾಮೇಶ್ವರನ ಜಾತ್ರೆ ಆರು ದಿನ ನಡೆಯುತ್ತಿತ್ತು, ಇಪ್ಪತ್ತು ಸಾವಿರದವರೆಗೆ ಜನ ಸೇರುತ್ತಿದ್ದರೆಂದು ಅಂದಿನ ಗೆಜೆಟಿಯರು ಬರೆದಿದೆ. ಎಂದರೆ ಜಾತ್ರೆಯ ವೇಳೆಗೆ ಊರು ತನ್ನ ಎರಡರಷ್ಟಕ್ಕೂ ಮೀರಿ ಬೆಳೆಯುತ್ತಿತ್ತು. ರೈಲು ಹಿಡಿಯಲು ಕುಡಚಿಗೆ ಗಾಡಿ ಕಟ್ಟಬೇಕಿತ್ತು. ಬಾಗಲಕೋಟೆ–ಕುಡಚಿ ಮಾರ್ಗಕ್ಕಾಗಿ ಈ ಭಾಗದ ಜನ ನಮ್ಮ ಕಾಲದಲ್ಲೂ ಧರಣಿ ಕೂತಿದ್ದಾರೆ.

ಅಪ್ಪಾಸಾಹೇಬನ ಬಳಿಕ ಪರಶುರಾಮರಾವ್ ಭಾವುಸಾಹೇಬ, ಅವನ ತರುವಾಯ 1924ರಲ್ಲಿ ಶಂಕರರಾವ್. ಈ ಅರಸರು ಬಿಟ್ಟುಹೋದುದರಲ್ಲಿ ಅರಮನೆಗಿಂತ ಮಿಗಿಲಾದದ್ದು ಪರಶುರಾಮಭಾವು ಹೈಸ್ಕೂಲು ಎಂದೇ ನನ್ನ ತೀರ್ಮಾನ. ದರಬಾರಿನ ಭಾಷೆ ಮರಾಠಿ, ದಫ್ತರದ ಬರಹ ಮೋಡಿ. ಹೊಲದಲ್ಲೂ ಮಗ್ಗದಲ್ಲೂ ಕನ್ನಡ ಆಡುವ ಪ್ರಜೆಗೆ ತನ್ನ ಅರ್ಜಿಯನ್ನೇ ಓದಲು ಇನ್ನೊಬ್ಬ ಬೇಕು. ಈ ಕೊರತೆಯನ್ನು ಮುಚ್ಚಿಡಬಾರದು. ಆದರೂ ಆ ಶಾಲೆಯ ಬಾಗಿಲಿನಿಂದ ಹೊರಬಂದವರಲ್ಲಿ 1886ರಲ್ಲಿ ಜಮಖಂಡಿಯಲ್ಲೇ ಹುಟ್ಟಿದ ಗುರುದೇವ ರಾನಡೆಯವರಿದ್ದಾರೆ. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದ ಈ ತತ್ತ್ವಜ್ಞಾನಿ ಮರಾಠಿ ಸಂತರ ಬಗ್ಗೆ ಬರೆದಂತೆಯೇ ಕನ್ನಡದ ಶರಣರು, ದಾಸರ ಅನುಭಾವದ ಬಗ್ಗೆಯೂ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಪುಣೆಯ ನ್ಯೂ ಪೂನಾ ಕಾಲೇಜು ಶಂಕರರಾಯನ ದೇಣಿಗೆ ಪಡೆದು ಸರ್ ಪರಶುರಾಮಭಾವು ಕಾಲೇಜು ಎಂಬ ಹೆಸರಿಟ್ಟುಕೊಂಡಿತು.

ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಗುಡ್ಡಕ್ಕೂ ಊರಿಗೂ ನಡುವಣ ಅಂತರ ಕಿರಿದಾಗತೊಡಗಿತು. ಸಾವಳಗಿಯ ಸಾಮಾನ್ಯ ಮನೆತನದಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದ ಬಿ.ಡಿ. ಜತ್ತಿ ಪ್ರಜಾಪಕ್ಷದಿಂದ ಮಂತ್ರಿಯಾದರು, ಬಳಿಕ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. ಅರಸ ಮತ್ತು ವಕೀಲ ಒಂದೇ ಮೇಜಿನೆದುರು ಕೂತು ರಾಜ್ಯದ ಅಂತ್ಯವನ್ನು ಬರೆಯಬೇಕಾಗಿ ಬಂತು. 1948ರ ಮಾರ್ಚ್ 8ರಂದು ದಖ್ಖನ್ನಿನ ಇತರ ಸಂಸ್ಥಾನಗಳೊಂದಿಗೆ ಜಮಖಂಡಿ, ಮುಧೋಳ, ಸಾಂಗಲಿ ಮೂರೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ರಬಕವಿಗೂ ಬನಹಟ್ಟಿಗೂ ನಡುವಿನ ಗಡಿ ಅಂದೇ ಅಳಿಯಿತು. ಎಲ್ಲಿಯೂ ರಕ್ತ ಹರಿಯಲಿಲ್ಲ. ಜತ್ತಿಯವರು ಮತ್ತೆ ವಕೀಲಿಗೆ ಮರಳಿದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿ.

ಅರಸೊತ್ತಿಗೆ ಮುಗಿದ ಮೇಲೆ ಅರಸರ ಗುಡ್ಡ ಯಾರದಾಗಬೇಕು? ಯುರೋಪಿನ ಊರುಗಳಲ್ಲಿ ಅರಸರ ಗುಡ್ಡಗಳೂ ಬೇಟೆವನಗಳೂ ಜನರ ಪಾಲಾಗಿ ಶತಮಾನಗಳೇ ಆದವು. 1637ರಲ್ಲಿ ಲಂಡನ್ನಿನ ಹೈಡ್ ಪಾರ್ಕನ್ನು ಒಂದನೆಯ ಚಾರ್ಲ್ಸ್ ದೊರೆ ಜನಕ್ಕೆ ತೆರೆದ. 1766ರಲ್ಲಿ ವಿಯೆನ್ನಾದ ಪ್ರಾಟರ್ ಬೇಟೆವನವನ್ನು ಚಕ್ರವರ್ತಿ ಎರಡನೆಯ ಜೋಸೆಫ್ ತೆರೆದ. ಎಡಿನ್‌ಬರೋದ ಕೋಟೆಬಂಡೆ ಹತ್ತಲು ನಮ್ಮವರೂ ಸಾಲಿನಲ್ಲಿ ನಿಲ್ಲುತ್ತಾರೆ. ಬೀಳಗಿ ಮತ್ತು ಮುಧೋಳ ತಾಲೂಕುಗಳ ಕುರುಚಲು ಕಾಡಿನ ಸುಮಾರು 96 ಚದರ ಕಿಲೋಮೀಟರ್ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾದದ್ದು ನಮ್ಮಲ್ಲಿ ಆದ ಅಂಥದೇ ಒಳ್ಳೆಯ ಕೆಲಸ. ಬೇಟೆನಾಯಿಗೆ ಹೆಸರಾದ ನಾಡಿನಲ್ಲಿ ಚಿಗರೆಗೊಂದು ಆಸರೆ ಸಿಕ್ಕಿತು.

ರಾಮತೀರ್ಥಕ್ಕೂ ಅಂಥ ಕಾಳಜಿ ಸಲ್ಲಬೇಕು. ಗುಡ್ಡದ ಮರಗಳನ್ನು ಉಳಿಸಿ, ಹೊಸವನ್ನು ನೆಟ್ಟು, ನೆರಳಿನ ಹಾದಿ ಮಾಡಿ ಊರವರಿಗೆ ಉದ್ಯಾನವಾಗಿ ಒಪ್ಪಿಸಬೇಕು. ಅರಸರ ವಂಶಾವಳಿಯ ಜೊತೆಗೆ ಹಲಗಲಿಯ ಹತ್ತೊಂಬತ್ತು ಜನರ ಕಥೆಯನ್ನೂ ರಬಕವಿ-ಬನಹಟ್ಟಿಯ ನೇಕಾರರ ಕಥೆಯನ್ನೂ ಕನ್ನಡದಲ್ಲಿ ಬರೆದ ಫಲಕಗಳು ಅಲ್ಲಿ ನಿಲ್ಲಬೇಕು. ಜಿಲ್ಲಾಡಳಿತ ಇದನ್ನು ಕೈಗೆತ್ತಿಕೊಳ್ಳಲಿ. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಈ ಗುಡ್ಡ ಹತ್ತಲಿ.