ಅಲಗಿನ ಮೇಲಿನ ಹೆಸರು

ಕೈಯಲ್ಲಿ ಮಾಡಿದ ಚಾಕುವಿಗೆ ಎರಡು ಗುರುತುಗಳಿವೆ. ಅಲಗಿನ ಬುಡದಲ್ಲಿ ಒತ್ತಿದ ಮುದ್ರೆ ಮೊದಲನೆಯದು. ಅದು ಮಾಡಿದವರ ಹೆಸರು ಹೇಳುತ್ತದೆ. ಎರಡನೆಯದು ಚಾಕುವಿನ ಆಕಾರ. ಆ ಆಕಾರವನ್ನು ಮೊದಲು ಕಂಡುಕೊಂಡವರು ಯಾರೆಂದು ತಿಳಿಯಲು ಅದರ ಮೇಲೆ ಯಾವ ಬರಹವೂ ಇರುವುದಿಲ್ಲ. ಮುದ್ರೆಗೆ ಕಾನೂನಿನ ರಕ್ಷಣೆ ದೊರೆತು ನಾಲ್ಕು ಶತಮಾನಗಳಾಗಿವೆ. ಆಕಾರಕ್ಕೆ ಕಾರಣರಾದವರನ್ನು ನೆನೆಯುವ ರೂಢಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಇಂಗ್ಲೆಂಡಿನ ಶೆಫೀಲ್ಡ್ ಹದಿನಾಲ್ಕನೆಯ ಶತಮಾನದ ಹೊತ್ತಿಗೇ ಚಾಕುವಿಗೆ ಹೆಸರಾಗಿತ್ತು. ಚಾಸರನ ಕ್ಯಾಂಟರ್‌ಬರಿ ಕಥೆಗಳಲ್ಲಿ ಬರುವ ಗಿರಣಿಯವನೊಬ್ಬ ಶೆಫೀಲ್ಡಿನ ಚಾಕು ಇಟ್ಟುಕೊಂಡೇ ಓಡಾಡುತ್ತಾನೆ. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅಲ್ಲಿ 'ಹ್ಯಾಲಮ್‌ಶೈರ್ ಕಟ್ಲರ್ಸ್ ಕಂಪನಿ' ಸ್ಥಾಪನೆಯಾಯಿತು. ಕೆಲಸ ಕಲಿತು ಸ್ವತಂತ್ರನಾದ ಕುಶಲಕರ್ಮಿಗೆ ಈ ಸಂಸ್ಥೆ ಒಂದು ಮುದ್ರೆಯನ್ನು ಕೊಟ್ಟು, ಅದನ್ನು ತನ್ನ ದಾಖಲೆಯಲ್ಲಿ ಸೇರಿಸಿಕೊಳ್ಳುತ್ತಿತ್ತು. ಬಡಿದು ರೂಪಕ್ಕೆ ತಂದ ಅಲಗು ಇನ್ನೂ ಕೆಂಪಗಿರುವಾಗಲೇ, ಹದ ಹಾಕುವ ಮೊದಲು, ಉಕ್ಕಿನ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆದರೆ ಮುದ್ರೆ ಲೋಹದೊಳಗೆ ಇಳಿಯುತ್ತಿತ್ತು. ಅಲಗಿನಲ್ಲಿ ದೋಷ ಕಂಡರೆ ಹೊಣೆ ಯಾರದೆಂಬುದು ಅದರಿಂದಲೇ ತಿಳಿಯುತ್ತಿತ್ತು. ಜರ್ಮನಿಯ ಸೋಲಿಂಗನ್‌ನಲ್ಲೂ ಇಂಥದೇ ಪದ್ಧತಿಯಿತ್ತು. ಪೀಟರ್ ಹೆಂಕೆಲ್ಸ್ ತನ್ನ ಮುದ್ರೆಯಾಗಿ ಅವಳಿಗಳ ಚಿಹ್ನೆಯನ್ನು ಅಲ್ಲಿ ನೋಂದಾಯಿಸಿದ್ದು 1731ರಲ್ಲಿ.

ಮುದ್ರೆಗೆ ಬೆಲೆ ಬಂದಂತೆ ಕಳ್ಳ ಮುದ್ರೆಗಳೂ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಶೆಫೀಲ್ಡಿನ ಹೆಸರು ಹೊತ್ತ ಅಗ್ಗದ ಜರ್ಮನ್ ಚಾಕುಗಳು ಮಾರುಕಟ್ಟೆಗೆ ನುಗ್ಗಿದಾಗ ಶೆಫೀಲ್ಡಿನ ತಯಾರಕರು ದೊಡ್ಡ ದನಿಯಲ್ಲಿ ದೂರಿದರು. ಬ್ರಿಟನ್ 1887ರಲ್ಲಿ ಸರಕು ಮುದ್ರೆ ಕಾಯ್ದೆ ತಂದು ಇಂಥ ಮೋಸವನ್ನು ತಡೆಯಲು ಹೊರಟಿತು. ಆದರೆ ಈ ಕಾನೂನು ಕಾಪಾಡಿದ್ದು ಹೆಸರನ್ನು ಮಾತ್ರ. ಪಕ್ಕದ ಕುಲುಮೆಯವನ ಆಕಾರವನ್ನು ನೋಡಿ ಹಾಗೆಯೇ ಮಾಡಿ, ತನ್ನ ಮುದ್ರೆ ಒತ್ತಿ ಮಾರಿದರೆ ಈ ಕಾನೂನಿನಡಿ ಅದು ತಪ್ಪಾಗುತ್ತಿರಲಿಲ್ಲ.

ಅಮೆರಿಕದ ಬೋವಿ ಚಾಕುವಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1827ರ ಸೆಪ್ಟೆಂಬರ್ 19ರಂದು ಮಿಸಿಸಿಪಿ ನದಿಯ ಮರಳು ದಿಬ್ಬದ ಮೇಲೆ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವಿ ಬಳಸಿದ ಚಾಕು ದೇಶದಲ್ಲೆಲ್ಲ ಮಾತಾಯಿತು. ಬೇಡಿಕೆ ಕಂಡ ಶೆಫೀಲ್ಡಿನ ತಯಾರಕರು ಬೋವಿ ಚಾಕುಗಳನ್ನು ಮಾಡಿ ಹಡಗುಗಳಲ್ಲಿ ಕಳಿಸಿದರು. ಜೇಮ್ಸ್ 1836ರಲ್ಲಿ ಅಲಾಮೊ ಕಾಳಗದಲ್ಲಿ ಸತ್ತ. ಎರಡು ವರ್ಷಗಳ ನಂತರ ಅವನ ಅಣ್ಣ ರೆಜಿನ್ ಬೋವಿ ಪತ್ರಿಕೆಗೊಂದು ಪತ್ರ ಬರೆದು, ಮೊದಲ ಚಾಕು ತನ್ನದು, ಅದು ಬೇಟೆಗೆಂದು ಮಾಡಿದ್ದು ಎಂದು ತಿಳಿಸಿದ. ಅಲಗಿನ ಉದ್ದ ಒಂಬತ್ತೂಕಾಲು ಅಂಗುಲ, ಅಗಲ ಒಂದೂವರೆ ಅಂಗುಲ, ಬಾಗಿಲ್ಲದ ನೇರ ಅಲಗು ಎಂಬ ವಿವರವನ್ನೂ ಕೊಟ್ಟ. ನಂತರ ಆದ ಸುಧಾರಣೆಗಳು ನುರಿತ ಕುಶಲಕರ್ಮಿಗಳವು, ಅವುಗಳಲ್ಲಿ ತನ್ನ ಪಾಲಿಲ್ಲ ಎಂದೂ ಅದೇ ಪತ್ರದಲ್ಲಿ ಒಪ್ಪಿಕೊಂಡ. ತನ್ನದೆಷ್ಟು, ಪರರದೆಷ್ಟು ಎಂದು ಇಷ್ಟು ಸ್ಪಷ್ಟವಾಗಿ ಗೆರೆ ಎಳೆದ ಬರಹ ಈ ಕಸುಬಿನ ಇತಿಹಾಸದಲ್ಲಿ ಅಪರೂಪ. ಆದರೂ ಅರ್ಕಾನ್ಸಾದ ಕಮ್ಮಾರ ಜೇಮ್ಸ್ ಬ್ಲ್ಯಾಕ್‌ನೇ ಬೋವಿ ಚಾಕುವಿನ ಕರ್ತೃ ಎಂಬ ವಾದ ಇಂದಿಗೂ ಉಳಿದಿದೆ.

ಹೆಸರು ತಪ್ಪಿಹೋದದ್ದರ ಇನ್ನೊಂದು ಉದಾಹರಣೆ ದಕ್ಷಿಣ ಭಾರತದ್ದು. ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ ಇಲ್ಲಿನ ಕಸುಬುದಾರರು ಉಕ್ಕು ತೆಗೆಯುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಂಡು ವಿವರವಾಗಿ ಬರೆದಿದ್ದಾನೆ. ಇಂಥ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ, ನೀರಿನ ಅಲೆಯಂಥ ಗೆರೆಗಳುಳ್ಳ ಕತ್ತಿಗಳಾದವು. ಯುರೋಪು ಆ ಕತ್ತಿಗಳನ್ನು 'ಡಮಾಸ್ಕಸ್' ಎಂದು ಕರೆಯಿತು. ಉಕ್ಕು ತೆಗೆದ ಊರುಗಳ ಹೆಸರು ಹಿಂದೆ ಬಿತ್ತು. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಮಾತ್ರ ಇದಕ್ಕೆ ಹೊರತು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡುತ್ತಿದ್ದ ಆತ, ತಾನು ಬಳಸುವುದು ಭಾರತದ ಉಕ್ಕು, ಅದು ಯುರೋಪಿನ ಉಕ್ಕಿಗಿಂತ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ್ದ.

ವಿನ್ಯಾಸಕಾರನ ಹೆಸರು ಮುಂದಕ್ಕೆ ಬಂದದ್ದು ಅಮೆರಿಕದಲ್ಲಿ, ಬಾಬ್ ಲವ್‌ಲೆಸ್ ಕಾಲದಲ್ಲಿ. ಹಡಗಿನ ಕೆಲಸದಲ್ಲಿದ್ದ ಆತ 1950ರ ದಶಕದಲ್ಲಿ ಚಾಕು ಮಾಡಲು ತೊಡಗಿದ. ಅವನ ಬೇಟೆ ಚಾಕುವಿನಲ್ಲಿ ಅಲಗಿನ ಬೆನ್ನು ತುದಿಯತ್ತ ಮೆಲ್ಲಗೆ ಇಳಿಯುತ್ತದೆ. ತುದಿ ಮೇಲಕ್ಕೆ ಚಾಚದೆ ಕೆಳಗೇ ನಿಲ್ಲುವುದರಿಂದ ತೊಗಲು ಸುಲಿಯುವಾಗ ಪ್ರಾಣಿಯ ಕರುಳಿಗೆ ಚುಚ್ಚುವ ಭಯ ಕಡಿಮೆ. ಹಿಡಿಯೊಳಗಿನ ಲೋಹವನ್ನು ಹಿಂದಕ್ಕೆ ಹೋದಂತೆ ತೆಳುವಾಗಿಸಿ ತೂಕವನ್ನೂ ಹದಕ್ಕೆ ತಂದಿದ್ದ. ಈ ಅಂಶಗಳು ಮೊದಲೂ ಅಲ್ಲಲ್ಲಿ ಇದ್ದವು. ಅವುಗಳನ್ನು ಒಂದು ರೂಪಕ್ಕೆ ಕೂಡಿಸಿದ್ದು ಅವನ ಸಾಧನೆ. 1977ರಲ್ಲಿ ರಿಚರ್ಡ್ ಬಾರ್ನಿ ಜೊತೆ ಪುಸ್ತಕ ಬರೆದು ತನ್ನ ವಿಧಾನವನ್ನು ಎಲ್ಲರಿಗೂ ತಿಳಿಸಿದ. ಆ ಆಕಾರವನ್ನು ಅನುಸರಿಸುವವರು ಇಂದಿಗೂ ಅದನ್ನು 'ಲವ್‌ಲೆಸ್ ಶೈಲಿ' ಎಂದೇ ಹೇಳಿ ಮಾರುತ್ತಾರೆ.

ಚಾಕು ಮಾಡುವ ಕಮ್ಮಾರ ವಿಲಿಯಂ ಮೊರಾನ್ ಕೂಡ ತನ್ನ ವಿಧಾನವನ್ನು ಮುಚ್ಚಿಡಲಿಲ್ಲ. ಉಕ್ಕಿನ ಪದರಗಳನ್ನು ಕಾಯಿಸಿ ಬೆಸೆದು ಗೆರೆ ಮೂಡಿಸಿದ ಚಾಕುಗಳನ್ನು ಆತ 1973ರ ಪ್ರದರ್ಶನದಲ್ಲಿಟ್ಟು, ಮಾಡುವ ಕ್ರಮವನ್ನೂ ಅಲ್ಲಿಯೇ ಕಿರುಹೊತ್ತಗೆಯಾಗಿ ಹಂಚಿದ. 1976ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಮೂಲಕ ಆ ವಿದ್ಯೆ ಹಬ್ಬಿತು. ಅವನ ಉಕ್ಕು ದಕ್ಷಿಣ ಭಾರತದ ಮೂಸೆಯ ಉಕ್ಕಲ್ಲ. ಆದರೂ ಅದೂ 'ಡಮಾಸ್ಕಸ್' ಎಂದೇ ಪ್ರಸಿದ್ಧವಾಯಿತು.

ಮಡಚುವ ಚಾಕುಗಳಲ್ಲಿ ವಿನ್ಯಾಸ ಯಾರದೆಂಬ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಬಿಚ್ಚಿದ ಅಲಗು ಕೈಮೇಲೆ ಮಡಚದಂತೆ ಒಳಪಟ್ಟಿಯೊಂದು ಅದರ ಬುಡಕ್ಕೆ ಆತು ನಿಲ್ಲುವ ಉಪಾಯಕ್ಕೆ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. 1980ರ ದಶಕದಲ್ಲಿ ಚಾಕು ಕಸುಬುದಾರ ಮೈಕೆಲ್ ವಾಕರ್ ಅದನ್ನು ತಿದ್ದಿ ಬಲಪಡಿಸಿ 'ಲೈನರ್‌ಲಾಕ್' ಎಂಬ ಹೆಸರಿಟ್ಟ. ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್ ಹಿಡಿಯ ಚೌಕಟ್ಟನ್ನೇ ಲಾಕ್ ಆಗಿಸಿದ; ಆ ಉಪಾಯ ಜಗತ್ತಿನ ಹಲವು ಕಾರ್ಖಾನೆಗಳನ್ನು ತಲುಪಿತು. ಸ್ಪೈಡರ್ಕೋ ಕಂಪನಿ 1990ರಲ್ಲಿ ರಾಬರ್ಟ್ ಟೆರ್ಜುವೊಲಾ ಅವರ ವಿನ್ಯಾಸವನ್ನು ಅವರ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿತು. ಕೈಕಸುಬಿನವರ ವಿನ್ಯಾಸವನ್ನು ಕಾರ್ಖಾನೆಗಳು ಒಪ್ಪಂದ ಮಾಡಿಕೊಂಡು, ಹೆಸರು ಹೇಳಿ ತಯಾರಿಸುವ ಪದ್ಧತಿ ಮುಂದೆ ಸಾಮಾನ್ಯವಾಯಿತು.

ಕಾನೂನು ಕೊಡುವ ರಕ್ಷಣೆ ಈಗಲೂ ಸೀಮಿತ. ಅಮೆರಿಕದಲ್ಲಿ ವಿನ್ಯಾಸದ ಪೇಟೆಂಟಿಗೆ 15 ವರ್ಷ. ಭಾರತದ 2000ದ ವಿನ್ಯಾಸ ಕಾಯ್ದೆಯಡಿ 10 ವರ್ಷ, ಬೇಕಾದರೆ ಮತ್ತೆ 5. ಒಬ್ಬನೇ ಕೂತು ಕೆಲಸ ಮಾಡುವ ಕಮ್ಮಾರನಿಗೆ ನೋಂದಣಿಯ ಖರ್ಚು, ಮೊಕದ್ದಮೆಯ ಅಲೆದಾಟ ಎರಡೂ ಭಾರ. ಕಾನೂನು ಮುಟ್ಟದ ಕಡೆ ಕಸುಬಿನ ನಡವಳಿಕೆ ಕೆಲಸ ಮಾಡಬೇಕಾಗುತ್ತದೆ. ಕಲಿಯಲು ಗುರುವಿನ ಆಕಾರವನ್ನು ನಕಲು ಮಾಡುವುದು ತಪ್ಪಲ್ಲ. ಹಳೆಯ ರೂಪವನ್ನು ಮೂಲ ಹೇಳಿ ಮಾರುವುದೂ ತಪ್ಪಲ್ಲ. ಬದುಕಿರುವವರ ವಿನ್ಯಾಸವನ್ನು ಕೇಳದೆ ಎತ್ತಿಕೊಂಡು ತನ್ನದೆನ್ನುವುದು ಕಳವು. ಪೂರ್ಣ ಹೊಸ ಚಾಕು ಎಂಬುದು ಇಲ್ಲವೇ ಇಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಕೈ ಇದೆ. ಆ ಕೈಯ ಹೆಸರು ಗೊತ್ತಿದ್ದೂ ಹೇಳದವನು ಎಷ್ಟೇ ನುಣುಪಾದ ಅಲಗು ಮಾಡಿದರೂ ಪ್ರಾಮಾಣಿಕ ಕಸುಬುದಾರನಲ್ಲ.